ಹದಿನಾಲ್ಕನೆಯ ಪುಟ

ಎಣಿಕೆ ಶಕ ೨೧೪, ಎರಡನೆಯ ಆಷಾಢದ ಮೂವತ್ತಮೂರನೆಯ ದಿನ

ಇಪ್ಪತ್ತೊಂದನೆಯ ಶತಮಾನದಲ್ಲಿ ಕುಳಿತು ಪ್ರಬಂಧ ಬರೆಯುತ್ತಿರುವ ಹಿರಿಯರಿಗೆ,

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಮನ್ನಿಸಬೇಕು. ಹಿಂದಿನ ಕಾಲಕ್ಕೆ ಕಳಿಸುವ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಹಿಂದೋಲೆಗೆ ಅನುಮತಿ. ಹೆಚ್ಚಿನವರು ಮುತ್ತಜ್ಜಿಗೆ ಬರೆದು ಕ್ಷೇಮ ವಿಚಾರಿಸುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನನ್ನ ಕಾಲದವರ ಕೈಗೆ ಕೊಟ್ಟರೆ ಇದು ಇದ್ದ ಹಾಗೆ ಉಳಿಯುತ್ತದೆಂಬ ನಂಬಿಕೆ ನನಗಿಲ್ಲ.

ನನ್ನ ಹೆಸರು ಅಂಬುಜಾಕ್ಷಿ. ವಿದ್ವಾಂಸರನ್ನು ತೂಗುವ ಸರ್ಕಾರಿ ಕಚೇರಿಯಾದ ತೂಕದ ಮನೆಯಲ್ಲಿ ಪರೀಕ್ಷಕಿ. ಒಬ್ಬರ ಪ್ರಬಂಧವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಎಂದು ಎಣಿಸುವ ಅಭ್ಯಾಸ ನಿಮ್ಮಲ್ಲೂ ಇದೆ. ನಮ್ಮಲ್ಲಿ ಅದಕ್ಕೆ ನೆನಪೆಣಿಕೆ ಎಂದು ಹೆಸರು. ವಿದ್ವಾಂಸರು ಆ ಅಂಕಿಯನ್ನು ಮನೆಯ ಬಾಗಿಲ ಮೇಲೆ ಬರೆಸಬೇಕು. ಹಾಲು ಹಾಕುವವಳು ಅದನ್ನು ನೋಡಿ ನಮಸ್ಕಾರ ಹೇಳುತ್ತಾಳೆ, ಇಲ್ಲವೇ ಹೇಳದೆ ಹೋಗುತ್ತಾಳೆ. ಮದುವೆಯೂಟಕ್ಕೆ ಯಾವ ಸಾಲಿನಲ್ಲಿ ಎಲೆ ಹಾಕಬೇಕೆಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ. ಅಂಕಿ ಮೂವತ್ತಕ್ಕಿಂತ ಕೆಳಗೆ ಉಳಿದರೆ ಪ್ರಯೋಗಾಲಯದ ಬೀಗದ ಕೈ ಹಿಂದಿರುಗಿಸಬೇಕು. ಪಳೆಯುಳಿಕೆ ಹುಡುಕುವವರು ಅಗೆಯುವ ಪರವಾನಗಿ ಕಳೆದುಕೊಳ್ಳುತ್ತಾರೆ. ಇಷ್ಟಿರುವಾಗ ಮೋಸ ನಡೆಯದೆ ಇರುತ್ತದೆಯೇ? ಅದನ್ನು ಹಿಡಿಯುವುದೇ ನನ್ನ ಕೆಲಸ. ಹತ್ತು ವರ್ಷ ಇದನ್ನೇ ಮಾಡಿ, ಯಾರಾದರೂ ಹಸನ್ಮುಖದಿಂದ ಮಾತಾಡಿಸಿದರೂ ಏನು ಬೇಕಾಗಿದೆ ಇವರಿಗೆ ಎಂದು ಯೋಚಿಸುವಷ್ಟು ನಾನು ಕೆಟ್ಟಿದ್ದೆ.

ಮಲ್ಲಮ್ಮ ಯಲಗೋಡ ಎಂಬ ಪಳೆಯುಳಿಕೆ ತಜ್ಞೆಯ ಕಡತ ನನ್ನ ಮೇಜಿಗೆ ಬಂತು. ಮೂವತ್ತೊಂದು ವರ್ಷದಲ್ಲಿ ಒಂಬತ್ತು ಪ್ರಬಂಧ, ನೆನಪೆಣಿಕೆ ಇಪ್ಪತ್ತೇಳು. ಪರವಾನಗಿ ರದ್ದಾಗಲು ಎರಡು ತಿಂಗಳಿರುವಾಗ ಆ ಅಂಕಿ ನಾನೂರ ಮೂವತ್ತೆಂಟಕ್ಕೆ ಹಾರಿತ್ತು. ಹೊಸ ನಾನೂರ ಹನ್ನೊಂದೂ ಒಂದೇ ಪ್ರಬಂಧಕ್ಕೆ ಬಂದವು. ಕರಿಗುಡ್ಡದಲ್ಲಿ ಸಿಕ್ಕ ಕಪ್ಪೆಯ ಪಳೆಯುಳಿಕೆಯ ಕುರಿತದ್ದು. ಕಳ್ಳಿ ಎಂದು ಮನಸ್ಸಿನಲ್ಲೇ ತೀರ್ಪು ಬರೆದುಕೊಂಡು ಚಿಂಚೋಳಿ ಸೀಮೆಗೆ ಹೊರಟೆ.

ತಗಡಿನ ಚಪ್ಪರದ ಕೆಳಗೆ ಕುಳಿತು ಆಕೆ ಸೂಜಿಯಿಂದ ಕಲ್ಲಿನ ಮಣ್ಣು ಬಿಡಿಸುತ್ತಿದ್ದರು. ಐವತ್ತೆಂಟರ ಹೆಂಗಸು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರ್ ಕಳಿಸ್ಯಾರ ನಿಮಗ? ಆ ಕಲ್ಲು ಕೊಯ್ಯೋ ಮಂದಿ ಏನ್?" ಎಂದರು.

ಉಲ್ಲೇಖಿಸಿದವರ ಪಟ್ಟಿ ಮುಂದಿಟ್ಟು, "ಇದರಲ್ಲಿ ನಿಮಗೆ ಬೇಕಾದವರು ಎಷ್ಟು ಜನ?" ಎಂದು ಕೇಳಿದೆ.

"ಒಬ್ಬರದೂ ಮುಖ ನೋಡಿಲ್ರಿ, ಮೇಡಂ. ಖುಷಿ ಆಗಿತ್ತು, ಸುಳ್ಳ್ಯಾಕ ಹೇಳ್ಲಿ? ಇಷ್ಟು ವರ್ಷ ಯಾರೂ ಕೇಳಿದ್ದಿಲ್ಲ. ಓಣಿ ತುಂಬ ಪೇಢೆ ಹಂಚೀನಿ. ಆದ್ರ ಅವರು ಏನ್ ಬರದಾರ ಅಂತ ಒಂದೂ ಓದಿಲ್ಲ."

ಓದಿಲ್ಲ ಎಂಬ ಮಾತು ನನಗೂ ತಾಗಿತು. ನಾನೂ ಅಂಕಿಗಳನ್ನಷ್ಟೇ ನೋಡಿ ಬಂದಿದ್ದೆ. ಕಡತ ಬಿಚ್ಚಿ ಇಬ್ಬರೂ ಆ ಬರಹಗಳನ್ನು ಓದತೊಡಗಿದೆವು. ಮೊದಲ ಬರಹದಲ್ಲಿ ಒಂದು ವಾಕ್ಯವಿತ್ತು: "ಪೂರ್ವದ ಹಳ್ಳದಾಚೆ ಪಳೆಯುಳಿಕೆಗಳಿಲ್ಲವೆಂದು ಯಲಗೋಡ ಅವರು ಹದಿನಾಲ್ಕನೆಯ ಪುಟದಲ್ಲಿ ಸ್ಥಾಪಿಸಿದ್ದಾರೆ." ಎರಡನೆಯದರಲ್ಲಿ ಅದೇ ವಾಕ್ಯ. ನಲವತ್ತನೆಯದರಲ್ಲೂ ಅದೇ.

"ನಾ ಬರದದ್ದು ಹನ್ನೊಂದೇ ಪುಟ," ಎಂದರು ಮಲ್ಲಮ್ಮ. "ಹದಿನಾಲ್ಕನೇದು ಎಲ್ಲಿಂದ ಬಂತು? ಹಳ್ಳದಾಚಿ ನಾ ಕಾಲೇ ಇಟ್ಟಿಲ್ಲ. ಅಲ್ಲಿಗೆ ಪರವಾನಗಿ ಕೊಟ್ಟಿಲ್ಲ ಸರ್ಕಾರದವರು."

ಮೊದಲನೆಯದನ್ನು ಬರೆದವರು ಗುಡ್ಡ ಕೊಯ್ಯುವ ಕಲ್ಲುಮಂಡಳಿಯ ಸಲಹೆಗಾರರು. ಉಳಿದವರು ಅದನ್ನು ನೋಡಿ ಬರೆದರು, ಅವರನ್ನು ನೋಡಿ ಮತ್ತೊಬ್ಬರು. ನಾನೂರು ಜನ ಹೇಳಿದ ಮೇಲೆ ಪೂರ್ವದ ಗುಡ್ಡ ಬರಿದು ಎಂದು ಸರ್ಕಾರವೂ ಒಪ್ಪಿ, ಕೊಯ್ಯಲು ಬಿಟ್ಟುಕೊಟ್ಟಿತ್ತು. ಯಂತ್ರದ ಸದ್ದು ಚಪ್ಪರದವರೆಗೂ ಕೇಳುತ್ತಿತ್ತು.

ಪರೀಕ್ಷಕಿಯ ಅಧಿಕಾರದಲ್ಲಿ ಅವರನ್ನು ಹಳ್ಳ ದಾಟಿಸಿದೆ. ಕೊಯ್ದ ಗುಡ್ಡದ ಮೈಯಲ್ಲಿ, ಎರಡು ಕರಿಗಲ್ಲುಗಳ ನಡುವೆ ಬೂದು ಮಣ್ಣಿನ ಪದರ ಕಾಣುತ್ತಿತ್ತು. ಮಲ್ಲಮ್ಮ ಮೊಣಕಾಲೂರಿ ಸೂಜಿ ಹಿಡಿದರು. ಮಧ್ಯಾಹ್ನದೊಳಗೆ ಜೀರಿಗೆಗಿಂತ ಸ್ವಲ್ಪ ಉದ್ದದ ಒಂದು ತೊಡೆಮೂಳೆ ಹೊರಬಂತು. ಆಗಲೂ ನನಗೆ ಸಂಶಯ. ಸೆರಗಿನಲ್ಲಿ ತಂದು ಇಟ್ಟಿದ್ದರೆ? ಅವರನ್ನು ದೂರ ನಿಲ್ಲಿಸಿ, ನಾನೇ ಬೇರೆ ಕಡೆ ಒಂದೊಂದಾಗಿ ಹೆಂಟೆ ಒಡೆದೆ. ಮೂರನೆಯದರಲ್ಲಿ ಕಪ್ಪೆಯ ದವಡೆ ಇತ್ತು. ಅರ್ಧ ಮಾತ್ರ. ಉಳಿದರ್ಧವನ್ನು ಯಂತ್ರ ಒಯ್ದಿತ್ತು.

"ಈ ನಾನೂರ ಹನ್ನೊಂದು ಉಲ್ಲೇಖ ಸುಳ್ಳೆಂದು ನೀವು ಬರೆದುಕೊಟ್ಟರೆ ಗುಡ್ಡ ಕೊಯ್ಯುವುದು ನಿಲ್ಲುತ್ತದೆ," ಎಂದೆ. "ಆದರೆ ನಿಮ್ಮ ಎಣಿಕೆ ಇಪ್ಪತ್ತೇಳಕ್ಕೆ ಇಳಿಯುತ್ತದೆ. ಮತ್ತೆ ನೀವು ಎಲ್ಲೂ ಅಗೆಯುವಂತಿಲ್ಲ."

ಅವರು ಆ ದವಡೆಯನ್ನು ಹತ್ತಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ಗೊತ್ತದ, ತಂಗಿ. ಎಲ್ಲಿ ಸಹಿ ಹಾಕ್ಲಿ?"

ಗುಡ್ಡದ ಮುಕ್ಕಾಲು ಪಾಲು ಉಳಿಯಿತು. ಮಲ್ಲಮ್ಮನವರು ಪರವಾನಗಿ ಹಿಂದಿರುಗಿಸಿದರು. ಈಗ ಅಲ್ಲಿ ಅಗೆಯುತ್ತಿರುವವರು ಬೇರೆ. ಬೇಲಿಯ ಹೊರಗೆ ನಿಂತು ನೋಡಲು ಮಲ್ಲಮ್ಮನವರಿಗೆ ಅಡ್ಡಿಯಿಲ್ಲವಂತೆ.

ಹಿಂದೋಲೆ ಬರೆಯಬೇಕೆನಿಸಿದ್ದು ಆರು ತಿಂಗಳ ಹಿಂದೆ. ನನ್ನ ವರದಿಯನ್ನು ಇನ್ನೂರ ಅರವತ್ತು ಜನ ಉಲ್ಲೇಖಿಸಿದ್ದಾರೆಂದು ಕಚೇರಿಯಲ್ಲಿ ನನಗೆ ಹಾರ ಹಾಕಿದರು. ಆ ಉಲ್ಲೇಖಗಳನ್ನು ಮನೆಗೆ ತಂದು ಓದಿದೆ. "ಮಲ್ಲಮ್ಮ ಯಲಗೋಡ ಉಲ್ಲೇಖಗಳನ್ನು ತಾವೇ ಬರೆಸಿದ್ದಾಗಿ ತಪ್ಪೊಪ್ಪಿಕೊಂಡರು" ಎಂದು ನಾನು ಬರೆದಿದ್ದೇನಂತೆ. ತಿದ್ದುಪಡಿ ಕಳಿಸಿದೆ. ಅದನ್ನು ಇದುವರೆಗೆ ಒಬ್ಬರೂ ಉಲ್ಲೇಖಿಸಿಲ್ಲ. ಹಾಗಾಗಿ ನಮ್ಮ ಲೆಕ್ಕದಲ್ಲಿ ಅದು ಇಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಮಲ್ಲಮ್ಮ ಯಾರನ್ನೂ ಒಂದು ಉಲ್ಲೇಖವನ್ನೂ ಬೇಡಿದವರಲ್ಲ. ಎದುರಿಗೆ ಕುಳಿತು ನೋಡಿದವಳು ನಾನು. ಇದನ್ನು ನಿಮ್ಮ ಕೈಯಿಂದ, ಕಾಗದದ ಮೇಲೆ ಬರೆದಿಡಿ. ಇದಕ್ಕೆ ವಿರುದ್ಧವಾದ ಮಾತು ನನ್ನ ಹೆಸರಿನಲ್ಲಿ ಎಷ್ಟೇ ಸಲ ಬಂದರೂ, ನನ್ನದೇ ಸಹಿಯಿದ್ದರೂ, ನಂಬಬೇಡಿ.

ಅಂಬುಜಾಕ್ಷಿ