ನಡುಮನೆಯ ಗೋಡೆ

ಡಬ್ಲಿನ್

ಅವ್ವಾ,

ಹಾಸನದ ಸ್ಮಿತಾ ಇರುವ ಮನೆಯಲ್ಲಿ ನನಗೆ ರೂಮು ಸಿಗಲಿಲ್ಲ. ಅವತ್ತು ವಿಡಿಯೋ ಕಾಲ್‌ನಲ್ಲಿ ನೀನು, "ನೀವೆಲ್ಲ ನಮ್ ಕಡೆಯೋರೇ ಕಣ್ರವ್ವ, ಇನ್ ನಂಗ್ಯಾವ ಯೋಚ್ನೆ?" ಎಂದು ಅಲ್ಲಿನ ಹುಡುಗಿಯರಿಗೆ ನಡುಮನೆ ತೋರಿಸಿದೆಯಲ್ಲ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೊ ಕಂಡು ಸ್ಮಿತಾ, "ಕೊಣನೂರಲ್ಲಿ ಯಾವ ಬೀದಿ ಆಂಟಿ?" ಎಂದಳು. ನೀನು ನಗುತ್ತಲೇ ಹೇಳಿದೆ. ಮರುದಿನ, ರೂಮು ಬೇರೆಯವರಿಗೆ ಕೊಟ್ಟಾಯಿತು ಎಂದಳು. ಅದು ಇನ್ನೂ ಖಾಲಿಯೇ ಇದೆ.

ಸದ್ಯಕ್ಕೆ ಕ್ಲಾಸಿನ ಗೆಳತಿಯೊಬ್ಬಳ ಸೋಫಾದ ಮೇಲೆ ಮಲಗುತ್ತಿದ್ದೇನೆ. ಊಟಕ್ಕೆ ತೊಂದರೆಯಿಲ್ಲ. ಮುಂದಿನ ತಿಂಗಳು ಇನ್ನೊಂದು ಮನೆ ನೋಡಬೇಕು. ಅವರೂ ನಮ್ಮ ಕಡೆಯವರೇ, ನಿನ್ನನ್ನು ಮಾತಾಡಿಸಬೇಕಂತೆ.

ಆಗ ಜಗಲಿಗೆ ಬಂದು ಮಾತಾಡು ಎಂದು ಬರೆದು, ಹೊಡೆದುಹಾಕಿದ್ದೇನೆ. ಆ ಸಾಲು ಓದಬೇಡ. ನಡುಮನೆಯಲ್ಲೇ ಕೂತುಕೋ ಅವ್ವ, ಫೋಟೊ ಕಾಣುವ ಹಾಗೆ.

ನಿನ್ನ ಮಗಳು,
ಕವನಾ