ಗೇಟಿನೊಳಗೆ ಹಬ್ಬ, ಗೇಟಿನಾಚೆ ಕಳವು

ಹಾಡುಗಳ ಹಕ್ಕು ಕಾಯುವ ಮಾನ್ಯ ಪರವಾನಗಿ ಅಧಿಕಾರಿಗಳೇ,

ನಿಮ್ಮ ದೂರಿನ ಬಲದಿಂದ ಕಳೆದ ಸೋಮವಾರ ಪೀಣ್ಯದ ನಮ್ಮ ಕಾರ್ಖಾನೆಯ ಗೇಟಿನ ಮುಂದೆ ನೀಲಪ್ಪನಿಗೆ ಉಳಿದಿದ್ದ ಒಂದು ಕೈಯನ್ನೂ ಮುರಿದರು. ಒಂದು ಸಿನಿಮಾ ಹಾಡಿನ ಧಾಟಿಯನ್ನು ಕಾಪಾಡಿದ ನಿಮಗೆ ಅಭಿನಂದನೆಗಳು. ಧಾಟಿಗೆ ಎಲ್ಲೂ ಪೆಟ್ಟಾಗಿಲ್ಲ ತಾನೆ?

ನಾನು ಆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವಳು. ನೀಲಪ್ಪ ತಗಡು ಕತ್ತರಿಸುವ ಪವರ್ ಪ್ರೆಸ್ ನಡೆಸುತ್ತಿದ್ದವನು, ನಮ್ಮ ಆರ್ಕೆಸ್ಟ್ರಾದಲ್ಲಿ ಢೋಲಕ್ ಬಾರಿಸುತ್ತಿದ್ದವನು. ಪ್ರತಿ ಆಯುಧಪೂಜೆಗೆ ಯಂತ್ರಗಳ ಮುಂದೆ ಕುಂಬಳಕಾಯಿ ಒಡೆದ ಮೇಲೆ ನಾನು ಹಾರ್ಮೋನಿಯಂ ಹಿಡಿದು ಇದೇ ಹಾಡು ಹಾಡುತ್ತಿದ್ದೆ. ಮಾಲೀಕರು ಮುಂದಿನ ಕುರ್ಚಿಯಲ್ಲಿ ಕೂತು "ಒನ್ಸ್ ಮೋರ್" ಎನ್ನುತ್ತಿದ್ದರು. ಆಗ ನಿಮ್ಮ ಪರವಾನಗಿ ಎಲ್ಲಿ ಮಲಗಿತ್ತು?

ಈ ಮಳೆಗಾಲದಲ್ಲಿ ಕೆಲಸ ಬೇಗ ಸಾಗಲೆಂದು, ಪ್ರೆಸ್ಸಿನೊಳಗೆ ಕೈ ಹೋಗದಂತೆ ತಡೆಯುವ ಜಾಲರಿಯನ್ನು ಬಿಚ್ಚಿಸಿದರು. ಪ್ರೆಸ್ ತಗಡಿನ ಜೊತೆ ನೀಲಪ್ಪನ ಬಲ ಅಂಗೈಯನ್ನೂ ಕತ್ತರಿಸಿತು. ರಕ್ತ ಒರೆಸಿ ಆ ತಗಡನ್ನು ಪ್ಯಾಕ್ ಮಾಡಲು ನನ್ನ ಮೇಜಿಗೇ ಕಳಿಸಿದರು. ಅವನ ಅಜಾಗರೂಕತೆಯೇ ಕಾರಣ ಎಂದರು. ಜಾಲರಿ ಏನಾಯಿತೆಂದು ನೋಡಲು ಯಾವ ಇಲಾಖೆಯ ಜೀಪೂ ಬರಲಿಲ್ಲ.

ನಾನು ಆಯುಧಪೂಜೆಯ ಹಾಡಿನ ಅದೇ ಧಾಟಿಗೆ ಹೊಸ ಮಾತು ಕಟ್ಟಿ, ಜಾಲರಿ ಎಲ್ಲಿ ಸಾಹೇಬರೇ ಎಂದು ಗೇಟಿನಾಚೆ ದಿನವೂ ನಿಂತು ಹಾಡಿದೆ. ನೀಲಪ್ಪ ಎಡಗೈಯೊಂದರಲ್ಲೇ ಢೋಲಕ್ ಬಾರಿಸಿದ. ಟಿಕೆಟ್ಟಿಲ್ಲ, ವೇದಿಕೆಯಿಲ್ಲ, ಕೇಳಿದವರೆಲ್ಲ ಊಟದ ಡಬ್ಬಿ ಹಿಡಿದ ಪಾಳಿಯವರು. ವಾರದೊಳಗೆ ನಿಮಗೆ ಕಿವಿ ಬಂತು. ಅನುಮತಿಯಿಲ್ಲದೆ ಹಾಡು ಬದಲಿಸಿ ಸಾರ್ವಜನಿಕವಾಗಿ ಹಾಡಿದ್ದಾರೆಂಬ ನಿಮ್ಮ ದೂರು ಹಿಡಿದು ಪೊಲೀಸರು ಬಂದರು, ಬೆನ್ನಿಗೇ ಕಾರ್ಖಾನೆಯ ಕಾವಲಿನವರು.

"ಪರ್ಮಿಷನ್ ಎಲ್ಲೇ?" ಎಂದು ಒಬ್ಬ ನನ್ನ ಜಡೆ ಹಿಡಿದು ಕೆಡವಿದ. ಇನ್ನೊಬ್ಬ ಹಾರ್ಮೋನಿಯಂಗೆ ಲಾಠಿ ಎತ್ತಿದಾಗ ನೀಲಪ್ಪ ಎಡಗೈ ಅಡ್ಡ ಕೊಟ್ಟ. "ಬ್ಯಾಡಿ ಸಾರ್, ಪೆಟ್ಗೆ ಅಕ್ಕಂದು ಸಾರ್!" ಅವರು ಹೊಡೆದರು, ಮೂಳೆ ಚರ್ಮ ಹರಿದು ಹೊರಗೆ ಬರುವವರೆಗೂ ಹೊಡೆದರು. ಆಮೇಲೆ ಪೆಟ್ಟಿಗೆಯನ್ನೂ ಒದ್ದು ಪುಡಿ ಮಾಡಿದರು.

ಆಸ್ಪತ್ರೆಯಲ್ಲಿ ಅವನ ಹೆಂಡತಿ ಗೌರಿ ಅವನ ಬಾಯಿಗೆ ತುತ್ತಿಡುತ್ತಾ ನನ್ನನ್ನು ಕೇಳಿದಳು: "ಅಕ್ಕಾ, ಆ ಆಡು ಬರ್ದೋರ್ಗೆ ಇದು ಗೊತ್ತಾ?" ನನಗೆ ತಿಳಿಯದು. ನೀವು ಅವರನ್ನು ಕೇಳಿದಿರಾ ಮಾನ್ಯರೇ, ಇಲ್ಲ ನಮ್ಮ ಮಾಲೀಕರನ್ನು ಕೇಳಿದ್ದೇ ಸಾಕಾಯಿತೇ?

ಈಗ ಈ ಕೇಸನ್ನೇ ತೋರಿಸಿ ನೀಲಪ್ಪನನ್ನು ಕೆಲಸದಿಂದ ತೆಗೆಯಲು ಹೊರಟಿದ್ದಾರೆ. ಅವನ ಮೇಲಿನ ದೂರನ್ನು ನೀವು ಈ ವಾರವೇ ವಾಪಸ್ ಪಡೆಯಬೇಕು. ಪಡೆಯದಿದ್ದರೂ ಆಯುಧಪೂಜೆಯ ದಿನ ಅದೇ ಗೇಟಿನಾಚೆ ಅದೇ ಹಾಡು ಹಾಡುತ್ತೇನೆ. ನೀವೂ ಬನ್ನಿ. ಲಾಠಿ ಬೇಡ, ನಿಮ್ಮ ಎರಡೂ ಕೈ ತನ್ನಿ. ಹಾಡಲು ನಾನಿದ್ದೇನೆ, ತಾಳ ಹಾಕುವವನಿಗೆ ಕೈಯಿಲ್ಲ.

ಇಂತಿ,
ಧಾಟಿ ಕದ್ದ ತಪ್ಪಿಗೆ ಜಾಮೀನಿನ ಮೇಲಿರುವ,
ಅನುಸೂಯಮ್ಮ
ರಾಜಗೋಪಾಲನಗರ, ಸೆಪ್ಟೆಂಬರ್ ೧೯೯೭