ಮಲ್ಲಿಗೆ ದೋಣಿ ಹಾರಿದ ದಿನ

ಫಳ್ನೀರ್, ಮಂಗಳೂರು
೧೬ ಜನವರಿ ೧೯೬೫, ಶನಿವಾರ

ಕೋಪ ಮಾಡಿಕೊಂಡು ಸುರತ್ಕಲ್ಲಿನಲ್ಲಿ ಕುಳಿತಿರುವ ನನ್ನ ಯೂಸ್ಟೇಸ್,

ರಾತ್ರಿ ಎಂಟೂವರೆ. ಹಿತ್ತಲಿನ ತೆಂಗಿನ ಮಡಲೊಂದು ಬಚ್ಚಲ ತಗಡಿನ ಮೇಲೆ ಧಡಾರನೆ ಬಿದ್ದ ಸದ್ದಿಗೆ ಎಚ್ಚರವಾಯಿತು. ಆನಿಗೆ ಹಾಲು ಕೊಡುತ್ತಾ ಅಲ್ಲೇ ಕಣ್ಣು ಹತ್ತಿತ್ತು. ಎದ್ದು ನೋಡಿದರೆ ನನ್ನ ಎರಡೂ ಮೊಣಕಾಲುಗಳು ದಿಂಬನ್ನು ಕುದುರೆಯ ಬೆನ್ನೆಂಬಂತೆ ಅವುಚಿ ಹಿಡಿದಿದ್ದವು! ಮೊದಲು ಮಗುವಿನ ಮೂಗಿನ ಬಳಿ ಬೆರಳಿಟ್ಟೆ. ಉಸಿರು ಉಂಟು. ಮತ್ತೊಮ್ಮೆ ಇಟ್ಟೆ. ನೀವಿದ್ದಿದ್ದರೆ "ಸಾಕು ಡುಲ್ಸಿ, ಅವಳು ಇಡೀ ದಿನ ಉಸಿರಾಡ್ತಾಳೆ, ಅವಳಿಗೆ ಬೇರೆ ಎಂತ ಕೆಲಸ ಉಂಟು" ಎನ್ನುತ್ತಿದ್ದಿರಿ. ನೀವು ನಿಮ್ಮ ಕಾಲೇಜು ಹಾಸ್ಟೆಲಿನ ವಾರ್ಡನ್ ಕೋಣೆಗೆ ಗಂಟುಮೂಟೆ ಕಟ್ಟಿಕೊಂಡು ಹೋದ ಮೇಲೆ ಆ ಮಾತು ಹೇಳುವವರಿಲ್ಲದೆ ನಾನು ರಾತ್ರಿಯಿಡೀ ಬೆರಳಿಡುತ್ತಲೇ ಇರುತ್ತೇನೆ.

ವಿಷಯ ಮೊದಲೇ ಹೇಳುತ್ತೇನೆ. ಕುದುರೆ ಸವಾರಿ ಸ್ಪರ್ಧೆಯ ಮೂರು ಪರೀಕ್ಷೆಗಳಲ್ಲಿ ಎರಡು ಇವತ್ತು ಮುಗಿದವು. ಬೆಳಿಗ್ಗೆ ಮೈದಾನದಲ್ಲಿ ನಡಿಗೆ, ಮಧ್ಯಾಹ್ನ ಊರಿನ ದಾರಿಯ ಓಟ ಮತ್ತು ಹೊಳೆಬದಿಯ ಬೇಲಿಗಳು. ನಾನು ಮೂರನೆಯ ಸ್ಥಾನದಲ್ಲಿದ್ದೇನೆ! ಪ್ಲಾಂಟರುಗಳು, ರಿಟೈರ್ಡ್ ಮಿಲಿಟರಿಯವರು, ಪೊಲೀಸ್ ಇನ್‌ಸ್ಪೆಕ್ಟರು, ಎಲ್ಲರ ನಡುವೆ ಒಬ್ಬಳೇ ಹೆಂಗಸು, ಮೂರನೆಯವಳು. ನಾಳೆ ಬೆಳಿಗ್ಗೆ ಏಳಕ್ಕೆ ಮೈದಾನದಲ್ಲಿ ಬಣ್ಣದ ಕಂಬಗಳ ಜಿಗಿತ. ಅಷ್ಟಾದರೆ ಮುಗಿಯಿತು. ಆದರೆ ಸವಾರರ ಸಂಘದ ಕಮಿಟಿ, ಗಂಡನ ಒಪ್ಪಿಗೆ ಬಾರದೆ ನನ್ನನ್ನು ಕುದುರೆ ಹತ್ತಲು ಬಿಡುವುದಿಲ್ಲವಂತೆ. ಏಕೆಂದು ಕ್ರಮವಾಗಿ ಹೇಳುತ್ತೇನೆ. ಕೊನೆಯ ಪುಟಕ್ಕೆ ಹಾರಬೇಡಿ, ನಿಮ್ಮ ಅಭ್ಯಾಸ ನನಗೆ ಗೊತ್ತು.

ಕೆಳಗಿನ ಮನೆಯ ಡಾಕ್ಟರರ ಫೋನಿನಿಂದ ನಾನೇ ಮಾತಾಡಬಹುದಿತ್ತು. ಆದರೆ ಕಳೆದ ಸಲ ಮಾತಾಡಿದಾಗ ಏನಾಯಿತು? ಇಬ್ಬರೂ ಕೂಗಿದೆವು, ನೀವು ಫೋನ್ ಇಟ್ಟಿರಿ, ಡಾಕ್ಟರರ ಹೆಂಡತಿ ನನಗೆ ನೀರು ತಂದುಕೊಟ್ಟರು. ನಾವು ಜಗಳಾಡುವುದು ಕೊಂಕಣಿಯಲ್ಲಿ, ಮದುವೆಗೆ ಮುಂಚೆ ಬರೆದುಕೊಂಡದ್ದು ಕನ್ನಡದಲ್ಲಿ. ಹಾಗಾಗಿ ಇದು ಕನ್ನಡದಲ್ಲೇ ಇರಲಿ. ಪತ್ರದ ನಡುವೆ ನೀವು ಬಾಯಿ ಹಾಕುವ ಹಾಗಿಲ್ಲ ಎನ್ನುವುದು ಇನ್ನೊಂದು ಅನುಕೂಲ. ಹಸನಬ್ಬ ಟ್ಯಾಕ್ಸಿ ನಿಲ್ಲಿಸಿಕೊಂಡು ಕೆಳಗೆ ಕಾಯುತ್ತಿದ್ದಾನೆ. ಇದು ಮುಗಿದ ಕೂಡಲೇ ನಿಮ್ಮ ಕೈಗೆ ತಂದುಕೊಡುತ್ತಾನೆ.

ಹಸನಬ್ಬ ಟ್ಯಾಕ್ಸಿಗೆಂದು ಮಾರಿದ ಹಳೆಯ ಜಟಕಾ ಕುದುರೆಯನ್ನು ನನ್ನ ಪಪ್ಪ ಕೊಂಡಾಗ ನೀವು ನಕ್ಕದ್ದು ನೆನಪುಂಟಾ? "ಬಣ್ಣ ಹುರಿದ ಕಾಫಿಯದ್ದು, ಹೆಸರು ಮಲ್ಲಿಗೆ, ಕಸುಬು ಸ್ಟೇಷನ್ನಿಗೆ ಟ್ರಂಕು ಹೊರುವುದು" ಎಂದಿರಿ. ಇವತ್ತು ನೀವು ಮೈದಾನದಲ್ಲಿ ಇರಬೇಕಿತ್ತು! ನಡಿಗೆಯ ಪರೀಕ್ಷೆಯಲ್ಲಿ ಬೇರೆಯವರ ದೊಡ್ಡ ದೊಡ್ಡ ಕುದುರೆಗಳು ಬ್ಯಾಂಡಿಗೆ ಬೆದರಿ ಕುಣಿದವು. ಮಲ್ಲಿಗೆ ಮಾತ್ರ ಗಡಿಯಾರದ ಮುಳ್ಳಿನ ಹಾಗೆ ನಡೆದಳು. ಬಸುರಿಯರನ್ನೂ ಮುದುಕಿಯರನ್ನೂ ಕುಲುಕದೆ ಕೊಂಡೊಯ್ದ ಕಾಲುಗಳಲ್ಲವೇ ಅವು. ತೀರ್ಪುಗಾರ ಕರ್ನಲರು ಯಾವ ಸ್ಟಡ್ ಫಾರ್ಮಿನ ಕುದುರೆ ಎಂದು ಕೇಳಿದರು. "ಹಂಪನಕಟ್ಟೆ ಸ್ಟ್ಯಾಂಡಿನದ್ದು ಸಾರ್" ಎಂದೆ. ಅವರು ತಲೆಯಾಡಿಸಿದರು, ಪಾಪ, ಅದು ಯಾವುದೋ ಇಂಗ್ಲೆಂಡಿನ ಊರೆಂದುಕೊಂಡಿರಬೇಕು.

ಮಧ್ಯಾಹ್ನದ ದಾರಿ ನಮ್ಮ ಫಳ್ನೀರಿನ ಮೇಲೆಯೇ ಹೋಗುತ್ತಿತ್ತು. ಚೆನ್ನಾಗಿ ಬರುತ್ತಿದ್ದ ಮಲ್ಲಿಗೆ ಆಸ್ಪತ್ರೆಯ ಗೇಟಿನ ಎದುರು ಗಕ್ಕನೆ ನಿಂತಳು. ಹಿಮ್ಮಡಿ ಒತ್ತಿದೆ, ನಾಲಿಗೆ ಚಪ್ಪರಿಸಿದೆ, ಕಿವಿಯಲ್ಲಿ ಬೇಡಿಕೊಂಡೆ. ಊಹೂಂ. ವರ್ಷಗಟ್ಟಲೆ ರೋಗಿಗಳನ್ನು ಹತ್ತಿಸಿಕೊಂಡ ಜಾಗ ಅದು, ಸುಮ್ಮನೆ ದಾಟಿ ಹೋಗುವುದು ಅವಳ ಧರ್ಮವಲ್ಲ. ಕಾಲಿಗೆ ಬ್ಯಾಂಡೇಜ್ ಕಟ್ಟಿಕೊಂಡ ಹೆಂಗಸೊಬ್ಬಳು ಗೇಟಿನಿಂದ ಕುಂಟುತ್ತಾ ಬಂದು ಮಲ್ಲಿಗೆಯ ಕುತ್ತಿಗೆ ಸವರಿ ನನ್ನನ್ನು ಕೇಳಿದಳು: "ಗಾಡಿ ಎಲ್ಲುಂಟು ಅಮ್ಮ? ಕಂಕನಾಡಿಗೆ ಎಷ್ಟು?" ನಗಬೇಕೋ ಅಳಬೇಕೋ! ಹಿಂದಿನಿಂದ ಇನ್‌ಸ್ಪೆಕ್ಟರರ ಬಿಳಿ ಕುದುರೆ ನಮ್ಮನ್ನು ದಾಟಿ ಹೋಯಿತು.

ಯೂಸ್ಟೇಸ್, ಅಲ್ಲಿ ನಿಂತಿದ್ದಾಗ ತಲೆ ಎತ್ತಿ ನೋಡಿದೆ. ಮಹಡಿಯ ಕೊನೆಯ ಕಿಟಕಿ. ಆನಿ ಹುಟ್ಟಿದಾಗ ನಾನು ಮಲಗಿದ್ದ ಕೋಣೆ. ಹಾಸಿಗೆಯೆಲ್ಲ ರಕ್ತವಾಗಿ ಪಾದ್ರಿಯನ್ನು ಕರೆಯಲು ಓಡಿದ್ದು, ನೀವು ಹೊರಗೆ ಗೋಡೆಗೆ ಹಣೆ ಹಚ್ಚಿ ನಿಂತದ್ದು, ಇದೆಲ್ಲ ನನಗೆ ಬೇರೆಯವರು ಹೇಳಿ ಗೊತ್ತು. ಜಗಳದ ದಿನ ನೀವು ಹೇಳಿದಿರಲ್ಲ, "ಆ ಕಾರಿಡಾರಿನಲ್ಲಿ ಒಂದು ಸಲ ನಿಂತಿದ್ದೇನೆ ಡುಲ್ಸಿ, ಇನ್ನೊಂದು ಸಲ ನಿಲ್ಲಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದು. ಆಗ ನಾನು ಕೆಟ್ಟದಾಗಿ ಉತ್ತರ ಕೊಟ್ಟೆ. ಒಳ್ಳೆಯ ಉತ್ತರ ಇವತ್ತು ಆ ಗೇಟಿನ ಎದುರು ಹೊಳೆಯಿತು. ಆ ಕೋಣೆಯಿಂದ ಹೊರಗೆ ಬಂದಂದಿನಿಂದ ನನಗೆ ಎಲ್ಲದರ ಹೆದರಿಕೆ. ಮಗು ಅತ್ತರೆ ಹೆದರಿಕೆ, ಅಳದಿದ್ದರೆ ಹೆದರಿಕೆ, ನಿಮ್ಮ ಬಸ್ಸು ತಡವಾದರೆ ಕೂಳೂರು ಸೇತುವೆ ಮುರಿದಿದೆ ಎಂದೇ ಲೆಕ್ಕ. ಕುದುರೆಯ ಮೇಲೆ ಮಾತ್ರ ಹೆದರಿಕೆ ಇಲ್ಲ. ಅಲ್ಲಿ ಮುಂದಿನ ಬೇಲಿ ಒಂದೇ ಉಂಟು, ಅದರಾಚೆ ಏನೂ ಇಲ್ಲ. ಬಿ.ಎ. ಓದಿದವಳು, ಇದಕ್ಕಿಂತ ಚಂದ ಹೇಳಲು ಬರಬೇಕಿತ್ತು. ಬರುವುದಿಲ್ಲ.

ಸರಿ, ಕುದುರೆ ಇನ್ನೂ ನಿಂತೇ ಉಂಟು. ಜನ ಸೇರಿದರು. ಸೋಡಾ ಅಂಗಡಿಯಿಂದ ಯಾರೋ "ಗೇರ್ ಹಾಕಿ ಅಕ್ಕ" ಎಂದು ಲೇವಡಿ ಮಾಡಿದ. ನನಗೆ ಫಕ್ಕನೆ ನೆನಪಾಯಿತು, ಕಾಲೇಜಿಗೆ ಈ ಜಟಕಾದಲ್ಲೇ ಹೋಗುತ್ತಿದ್ದೆನಲ್ಲ, ಜನ ಹತ್ತಿ ಕುಳಿತ ಮೇಲೆ ಹಸನಬ್ಬ ಬಸ್ಸಿನವರ ಹಾಗೆ ಒಂದು ಕೂಗು ಹಾಕುತ್ತಿದ್ದ. ನಡುಬೀದಿಯಲ್ಲಿ, ಟೋಪಿ ಹಾಕಿದ ಟೈಮ್‌ಕೀಪರರ ಎದುರು, ಪಾದ್ರಿಗಳ ಎದುರು, ಗಂಟಲು ಹರಿಯುವಂತೆ ಕೂಗಿದೆ: "ರೈಟ್ ಪೋಯಿ!" ಮಲ್ಲಿಗೆ ಹೊರಟಳು ನೋಡಿ! ಹಿಂದಿನಿಂದ ಇಡೀ ಫಳ್ನೀರು "ರೈಟ್ ಪೋಯಿ, ರೈಟ್ ಪೋಯಿ" ಎಂದು ಕೂಗುತ್ತಿತ್ತು. ಜೆಪ್ಪುವಿನ ಇಳಿಜಾರಿನಲ್ಲಿ ಇನ್‌ಸ್ಪೆಕ್ಟರರನ್ನು ಹಿಡಿದೆವು.

ಬೇಲಿಗಳಿಗೆ ಮುಂಚೆ ಕುದುರೆಗಳಿಗೆ ಹತ್ತು ನಿಮಿಷ ಕಡ್ಡಾಯ ವಿರಾಮ, ಪಶುವೈದ್ಯರು ಉಸಿರು, ಕಾಲು ನೋಡುತ್ತಾರೆ. ಆ ಹೊತ್ತಿಗೆ ನನ್ನ ಕೋಟಿನ ಎದುರುಭಾಗ ಹಾಲಿನಿಂದ ಒದ್ದೆ. ಅಷ್ಟರಲ್ಲಿ ಯಾರು ಬಂದರು ಹೇಳಿ? ನಿಮ್ಮ ಅಮ್ಮ, ನಮ್ಮ ಮಾಂಯ್! ಸ್ಪರ್ಧೆಯ ಹೆಸರೆತ್ತಿದರೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ ಮಾಂಯ್, ಒಂದು ಕೈಯಲ್ಲಿ ಕೊಡೆ, ಸೊಂಟದಲ್ಲಿ ಕಿರುಚುತ್ತಿರುವ ಆನಿ. ವಾಲಂಟಿಯರ್ ತಡೆದನಂತೆ. "ಕುದುರೆಗೆ ಹತ್ತು ನಿಮಿಷ ರೆಸ್ಟ್ ಉಂಟಂತೆ, ಬಾಣಂತಿಗೆ ಇಲ್ವಾ? ಸರಿ ಅತ್ಲಾಗೆ!" ಎಂದು ಹಗ್ಗದ ಅಡಿಯಿಂದ ನುಸುಳಿ ಬಂದರು. ಕೆಂಪು ಮುರಕಲ್ಲಿನ ರಾಶಿಯ ಹಿಂದೆ ಕೊಡೆ ಅಡ್ಡ ಹಿಡಿದರು, ನಾನು ಹಾಲು ಕೊಟ್ಟೆ. ಒಂದು ಕಡೆ ಮಲ್ಲಿಗೆ ಬಕೆಟಿನಲ್ಲಿ ನೀರು ಕುಡಿಯುತ್ತಿದ್ದಾಳೆ, ಇನ್ನೊಂದು ಕಡೆ ನಿಮ್ಮ ಮಗಳು. ಇಬ್ಬರ ಗಂಟಲಿನದ್ದೂ ಒಂದೇ ಸದ್ದು. ನಾನು ತೊಟ್ಟಿದ್ದದ್ದು ನಿಮ್ಮ ಬೂದು ಪ್ಯಾಂಟು ಎನ್ನುವುದು ಮಾಂಯ್‌ಗೆ ಆಗಲೇ ಗೊತ್ತಾದದ್ದು. "ಅವನಿಗಿಂತ ನಿನಗೇ ಸರಿಯಾಗ್ತದೆ" ಎಂದರು. ಸೊಂಟ ಚಿಕ್ಕದು ಮಾಡಿ ಹೊಲಿದಿದ್ದೇನೆ. ಕ್ಷಮಿಸಿ, ಇನ್ನು ಅದು ನಿಮಗೆ ಆಗಲಿಕ್ಕಿಲ್ಲ.

ಆಮೇಲೆ ಹೊಳೆಬದಿ! ಮುರಕಲ್ಲಿನ ಗೋಡೆ ಹಾರಿದೆವು. ಹೆಂಚು ಜೋಡಿಸಿದ ಸಾಲು ಹಾರಿದೆವು, ಒಂದು ಹೆಂಚೂ ಅಲುಗಲಿಲ್ಲ. ಮುಂದೆ ದೋಣಿ. ಅಂಗಾರನೆಂಬ ಮೀನುಗಾರ ತನ್ನ ದೋಣಿಯನ್ನು ಕವುಚಿ ಹಾಕಿಕೊಟ್ಟಿದ್ದ. ಕೊಟ್ಟ ಮೇಲೆ ಪಶ್ಚಾತ್ತಾಪ ಬಂದಿರಬೇಕು, ಪಕ್ಕದಲ್ಲೇ ನಿಂತು ಬರುವವರಿಗೆಲ್ಲ "ಪೈಂಟ್ ಹೊಸತು ಮಾರಾಯ್ರೆ, ಜಾಗ್ರತೆ!" ಎನ್ನುತ್ತಿದ್ದ. ಎದುರಿಗೆ ಹೋದಾಗ ಅದು ಎಷ್ಟು ದೊಡ್ಡದಾಗಿ ಕಂಡಿತೆಂದರೆ, ಮಲ್ಲಿಗೆಯ ಕಿವಿಗಳ ನಡುವೆ ದೋಣಿ ಬಿಟ್ಟರೆ ಬೇರೇನೂ ಇರಲಿಲ್ಲ. ಅವಳು ಒಂದು ಕ್ಷಣ ಯೋಚಿಸಿದ್ದು ನನ್ನ ತೊಡೆಗಳಿಗೆ ತಿಳಿಯಿತು. ಆಮೇಲೆ ನೆಲವೇ ಇಲ್ಲ. ಕೆಳಗೆ ಹೊಸ ಪೈಂಟಿನ ಮರ, ಆಚೆ ನೇತ್ರಾವತಿಯ ನೀರು ಬಿಸಿಲಿಗೆ ಹೊಳೆಯುತ್ತಿದೆ, ನಾನು ಜೋರಾಗಿ ನಗುತ್ತಿದ್ದೇನೆ. ಕೆಳಗಿಳಿದ ಮೇಲೂ ನಗು ನಿಲ್ಲಲಿಲ್ಲ. ಹಿಂದಿನಿಂದ ಅಂಗಾರ ಕೂಗಿದ: "ಅಕ್ಕಾ, ಇನ್ನೊಂದು ಸಲ ಹಾರಿ, ನನ್ನ ಹೆಂಡತಿ ನೋಡ್ಲಿಲ್ಲ!"

ಆ ನಗುವೇ ತಪ್ಪಾಯಿತು. ಮುಂದಿನದು ಕೊನೆಯ ಬೇಲಿ, ಉಪ್ಪುನೀರಿನ ಕಾಲುವೆ. ನಾನಿನ್ನೂ ದೋಣಿಯ ಮೇಲೆಯೇ ಇದ್ದೆ. ಕೆಸರಿನ ಅಂಚಿನಲ್ಲಿ ಮಲ್ಲಿಗೆಯ ಮುಂಗಾಲು ಜಾರಿತು, ನಾನು ಅವಳ ಕುತ್ತಿಗೆಯ ಮೇಲಿಂದ ಹೋಗಿ ಕಾಲುವೆಯಲ್ಲಿ ಬಿದ್ದೆ. ಹೌದು, ಬಿದ್ದೆ. ಇಷ್ಟು ಪುಟ ಬಚ್ಚಿಟ್ಟೆ, ಇನ್ನು ಆಗುವುದಿಲ್ಲ. ಎಡ ಭುಜ ನೀಲಿಯಾಗಿದೆ. ಕೈಯನ್ನು ತಲೆಯ ಮೇಲಕ್ಕೆ ಎತ್ತಲು ಸ್ವಲ್ಪ ಕಷ್ಟ, ಕುದುರೆ ಓಡಿಸಲು ಅಷ್ಟು ಮೇಲೆ ಎತ್ತಬೇಕಾಗಿಲ್ಲ. ಮೂಳೆ ಸರಿಯುಂಟು ಎಂದು ಕೆಳಗಿನ ಡಾಕ್ಟರರೇ ಒತ್ತಿ ನೋಡಿ ಹೇಳಿದ್ದಾರೆ, ಬೇಕಾದರೆ ಅವರನ್ನೇ ಕೇಳಿ. ಮಲ್ಲಿಗೆಗೆ ಒಂದು ಗೀರೂ ಇಲ್ಲ. ಅವಳು ಓಡಿಹೋಗಲಿಲ್ಲ ಯೂಸ್ಟೇಸ್, ನಾನು ಹತ್ತುವವರೆಗೆ ಕೆಸರಿನಲ್ಲಿ ಕಾಯುತ್ತಾ ನಿಂತಿದ್ದಳು. ಹತ್ತಿದೆ, ಮುಗಿಸಿದೆ. ಬಿದ್ದ ಅಂಕ ಕಳೆದೂ ಮೂರನೆಯವಳು.

ಆಮೇಲೆ ಸಂಘದ ಸೆಕ್ರೆಟರಿ ಬಂದರು. ನಾಳೆಗೆ ನಿಮ್ಮ ಒಪ್ಪಿಗೆ ಬೇಕು ಎಂದರು. "ಇವತ್ತು ಬಿದ್ದವರು ಇನ್ನೂ ಇಬ್ಬರು ಉಂಟು, ಅವರ ಹೆಂಡತಿಯರನ್ನು ಕೇಳಿದ್ದೀರಾ?" ಎಂದೆ. "ಅದು ಬೇರೆ ಮಿಸೆಸ್, ನಿಮಗೆ ಸಣ್ಣ ಮಗು ಉಂಟು" ಎಂದರು. ಆ ಗಂಡಸರಿಗೂ ಮಕ್ಕಳುಂಟು, ಇನ್‌ಸ್ಪೆಕ್ಟರರಿಗಂತೂ ನಾಲ್ಕು! ಮಾಂಯ್ ಕೊಡೆ ಮಡಚಿ ಮುಂದೆ ಬಂದರು: "ನಾನು ಒಪ್ಪಿದ್ದೇನೆ. ಅವನನ್ನು ಹೆತ್ತದ್ದು ನಾನು, ನಿಮ್ಮ ಕಮಿಟಿಯಾ?" ಸೆಕ್ರೆಟರಿ ಬೆವರು ಒರೆಸಿಕೊಂಡರೇ ಹೊರತು ಬಗ್ಗಲಿಲ್ಲ. ಗಂಡನೇ ಆಗಬೇಕಂತೆ, ಏಳರ ಒಳಗೆ.

ನನಗೆ ಸಿಟ್ಟು ಬಂತು. ಈಗಲೂ ಉಂಟು. ಆದರೆ ಮನೆಗೆ ಬಂದು ಕೆಸರು ತೊಳೆದುಕೊಳ್ಳುವಾಗ ಒಂದು ವಿಷಯ ತಿಳಿಯಿತು. ಕಮಿಟಿ ಕೇಳದಿದ್ದರೂ ನಾನು ಇವತ್ತು ನಿಮಗೆ ಬರೆಯುತ್ತಿದ್ದೆ. ಆ ದೋಣಿಯ ಮೇಲಿದ್ದ ಹೊತ್ತನ್ನು ಬೇರೆ ಯಾರಿಗೆ ಹೇಳಲಿ? ನೀವು ಹೆದರುವುದು ಬೇಡ ಎಂದು ನಾನು ಹೇಳುವುದಿಲ್ಲ. ಹೆದರಿಕೊಂಡೇ ಬನ್ನಿ. ಹೆದರುತ್ತಾ ಹಗ್ಗದ ಬದಿಯಲ್ಲಿ ಆನಿಯನ್ನು ಎತ್ತಿಕೊಂಡು ನಿಲ್ಲಿ, ಕಣ್ಣು ಮುಚ್ಚಿಕೊಂಡರೂ ಅಡ್ಡಿಯಿಲ್ಲ.

ಹಸನಬ್ಬ ಹಾರ್ನ್ ಹೊಡೆಯುತ್ತಿದ್ದಾನೆ.

ನಿದ್ದೆ ಬಾರದ, ಮೈಕೈ ನೋವಿನ, ನಿಮ್ಮವಳೇ ಆದ
ಡುಲ್ಸಿನ್

ಮರೆತದ್ದು: ನೀವು ನನಗೆ ಹೇಳಿದ್ದನ್ನು ಡಾಕ್ಟರರು ತಿಳಿಸಿದರೂ ಆದೀತಂತೆ, ನಿಮ್ಮ ಫೋನ್ ನೇರವಾಗಿ ಸೆಕ್ರೆಟರಿಯವರಿಗೇ ಹೋದರೂ ಸಾಕಂತೆ, ಅವರ ನಂಬರ್ ಕೊಟ್ಟಿದ್ದಾರೆ. ಅದನ್ನು ನಾನು ಇಲ್ಲಿ ಬರೆದಿಲ್ಲ, ಬೇಕೆಂದೇ. ಅವರಿಗೆ ನೀವು ಹೂಂ ಎಂದರೆ ನಾಳೆ ನಾನು ಹಾರಬಹುದು, ಆದರೆ ನೀವು ನನ್ನೊಡನೆ ಮಾತಾಡಿದ ಹಾಗೆ ಆಗುವುದಿಲ್ಲ. ಬೇಡ ಎನ್ನುವುದಿದ್ದರೂ ನನಗೇ ಹೇಳಿ. ಬೇಡ ಎಂದರೆ ಹತ್ತುವುದಿಲ್ಲ, ಮೂರನೆಯ ಸ್ಥಾನ ಇನ್‌ಸ್ಪೆಕ್ಟರರೇ ಇಟ್ಟುಕೊಳ್ಳಲಿ, ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತೆಂದು ನಿಮಗೆ ಗೊತ್ತಾಗಬೇಕು. ಡಾಕ್ಟರರು ಎಷ್ಟು ಹೊತ್ತಿಗಾದರೂ ಎಬ್ಬಿಸುತ್ತೇವೆ ಎಂದಿದ್ದಾರೆ, ನಾನು ಅವರ ಮೆಟ್ಟಿಲಲ್ಲೇ ಕುಳಿತಿರುತ್ತೇನೆ. ದಮ್ಮಯ್ಯ, ಬೆಳಗಾಗುವ ಮೊದಲು ಫೋನ್ ಮಾಡಿ.